ಕಮೋಯ್ಸನ ಮೊದಲ ಪಂಕ್ತಿಯೂ ಅದರ ಇಂಗ್ಲಿಷ್ ಭಾಷಾಂತರಗಳೂ

ಪೋರ್ಚುಗೀಸರ ಮಹಾಕವಿ ಲೂಯಿಸ್ ಡ ಕಮೋಯ್ಸನ ‘ಓಸ್ ಲೂಸಿಯಾದಸ್’ ಕಾವ್ಯವು 1572ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ವಾಸ್ಕೊ ಡ ಗಾಮನ ಮೊದಲ ಭಾರತಯಾನವೇ ಅದರ ವಸ್ತುವಾದುದರಿಂದ ಇತಿಹಾಸದ ವಿದ್ಯಾರ್ಥಿಗಳೂ ಅದನ್ನು ಆಧಾರವಾಗಿ ಉಲ್ಲೇಖಿಸುವುದುಂಟು. ಆದರೆ ನಾವು ಅದನ್ನು ಓದುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಆ ಇಂಗ್ಲಿಷು ಎಷ್ಟರಮಟ್ಟಿಗೆ ಕಮೋಯ್ಸನ ಮಾತೆಂಬುದನ್ನು ಪರೀಕ್ಷಿಸಲು ಮೊದಲ ಪಂಕ್ತಿಯೊಂದೇ ಸಾಕು.

ಆ ಪಂಕ್ತಿಯಲ್ಲಿರುವುದು ಮೂರೇ ಅಂಶ: ಆಯುಧಗಳು, ಪುರುಷರು, ಆ ಪುರುಷರಿಗೊಂದು ವಿಶೇಷಣ. ಪ್ರಧಾನ ಕ್ರಿಯಾಪದವು ಎರಡನೆಯ ಪದ್ಯದ ಕೊನೆಯ ಭಾಗದವರೆಗೂ ಬಾರದು. ವರ್ಜಿಲನ ‘ಈನೀಡ್’ ಕಾವ್ಯದ ಆರಂಭವನ್ನು ಕವಿಯು ಬುದ್ಧಿಪೂರ್ವಕವಾಗಿಯೇ ನೆನಪಿಗೆ ತರುತ್ತಾನೆ. ಆದರೆ ವರ್ಜಿಲನಲ್ಲಿ ಏಕವಚನದಲ್ಲಿದ್ದ ಪುರುಷನು ಇಲ್ಲಿ ಬಹುವಚನವಾಗಿದ್ದಾನೆ. ಕಾವ್ಯದ ಹೆಸರೂ ಬಹುವಚನವೇ. ಲೂಸುವಿನ ಸಂತತಿಯವರು, ಎಂದರೆ ಪೋರ್ಚುಗೀಸರು, ಎಂದು ಅದರ ಅರ್ಥ. ಗಾಮನೊಬ್ಬನಲ್ಲ, ಇಡೀ ಜನಾಂಗವೇ ನಾಯಕನೆಂಬ ಪ್ರತಿಜ್ಞೆ ಈ ವಚನಭೇದದಲ್ಲಿ ಅಡಗಿದೆ. ಪುರುಷರನ್ನು ಹೇಳುವ ‘ಬರೋಯ್ಸ್’ ಪದವು ಇಂಗ್ಲಿಷಿನ ‘ಬ್ಯಾರನ್’ ಪದದಂತೆ ಕಂಡರೂ ಇಲ್ಲಿ ಅದು ಪದವಿಯ ಹೆಸರಲ್ಲ. ಪೌರುಷವುಳ್ಳವರು ಎಂದಷ್ಟೇ ಅರ್ಥ. ವಿಶೇಷಣವು ‘ಗುರುತು’ ಎಂಬರ್ಥದ ಪದದಿಂದ ಹುಟ್ಟಿದ್ದು, ಪಂಕ್ತಿಯ ಕೊನೆಯಲ್ಲಿ ನಿಂತು ಪ್ರಾಸವನ್ನೂ ಹೊರುತ್ತದೆ. ಇಂಗ್ಲಿಷಿನಲ್ಲಿ ವಿಶೇಷಣವು ಸಾಮಾನ್ಯವಾಗಿ ನಾಮಪದಕ್ಕೆ ಮುಂಚೆ ಬರಬೇಕಾದುದರಿಂದ ಈ ಅನುಕೂಲವು ಅಲ್ಲಿ ದೊರೆಯದು.

1655ರಲ್ಲಿ ರಿಚರ್ಡ್ ಫ್ಯಾನ್‌ಷಾ ಆಯುಧಗಳನ್ನೂ ಪುರುಷರನ್ನೂ ಮೂಲದ ಕ್ರಮದಲ್ಲಿಯೇ ಉಳಿಸಿಕೊಂಡನು. ವಿಶೇಷಣವನ್ನು ಮಾತ್ರ ‘ಸಾಮಾನ್ಯರ ಸಾಲಿಗಿಂತ ಮೇಲಾದವರು’ ಎಂಬರ್ಥಕ್ಕೆ ಹಿಗ್ಗಿಸಿದನು. ಸಾಮಾನ್ಯರನ್ನು ಕುರಿತ ಈ ತಾತ್ಸಾರವು ಮೂಲದ್ದಲ್ಲ. 1776ರಲ್ಲಿ ವಿಲಿಯಂ ಜೂಲಿಯಸ್ ಮಿಕ್ಲನು ಪುರುಷರನ್ನು ‘ವೀರ’ರನ್ನಾಗಿಸಿ ವಿಶೇಷಣವನ್ನು ಕೈಬಿಟ್ಟನು, ಹೆಸರನ್ನು ಏಕವಚನದ ‘ಲೂಸಿಯಡ್’ ಎಂದಿಟ್ಟು, ‘ಭಾರತದ ಶೋಧನೆ’ ಎಂಬ ಉಪಶೀರ್ಷಿಕೆಯನ್ನೂ ಸೇರಿಸಿದನು. 1880ರಲ್ಲಿ ರಿಚರ್ಡ್ ಬರ್ಟನ್ ಹೆಸರಿನ ಬಹುವಚನವನ್ನು ಹಿಂದಕ್ಕೆ ತಂದನಾದರೂ, ಪಂಕ್ತಿಯಲ್ಲಿ ಪುರುಷರನ್ನು ಒಂದು ‘ಪಡೆ’ಯನ್ನಾಗಿ ಒಗ್ಗೂಡಿಸಿದನು. 1952ರ ಅಟ್ಕಿನ್‌ಸನ್ನನ ಗದ್ಯವು ಸುಗಮವಾದುದು. ಆದರೆ ಅದು ವೀರರ ಕಥೆಯೆಂದು ಆರಂಭವಾಗುವುದರಿಂದ ಆಯುಧಗಳೂ ಅವುಗಳೊಡನೆ ವರ್ಜಿಲನ ದನಿಯೂ ಮರೆಯಾಗಿವೆ.

ಒರಟುತನವಿದ್ದರೂ ಈ ನಾಲ್ವರಲ್ಲಿ ಫ್ಯಾನ್‌ಷಾನೇ ಮೂಲಕ್ಕೆ ಸಮೀಪನೆಂಬುದು ನಮ್ಮ ಅಭಿಪ್ರಾಯ. ಓದಲು ಇಂಪಾದ ಮಿಕ್ಲನೇ ಹೆಚ್ಚು ಅಪಾಯಕಾರಿ. ಮೊದಲ ಪಂಕ್ತಿಯಲ್ಲಿ ಆತನು ವಹಿಸಿದ ಸ್ವಾತಂತ್ರ್ಯವು ಮುಂದೆ ಬೆಳೆದು, ಮೂಲದಲ್ಲಿಲ್ಲದ ನೌಕಾಯುದ್ಧವೊಂದನ್ನೇ ಕಾವ್ಯದೊಳಕ್ಕೆ ತಂದಿತು. ಆ ಯುದ್ಧವನ್ನು ಕಮೋಯ್ಸನ ಸಾಕ್ಷ್ಯವೆಂದು ಉದ್ಧರಿಸುವವನು ಹದಿನಾರನೆಯ ಶತಮಾನದ ಹೆಸರಿನಲ್ಲಿ ಹದಿನೆಂಟನೆಯ ಶತಮಾನವನ್ನು ಉದ್ಧರಿಸಿದಂತಾಗುತ್ತದೆ. ಶಾಸನದ ಪಾಠವನ್ನು ಒಪ್ಪಿಕೊಳ್ಳುವ ಮುನ್ನ ಅದನ್ನು ಓದಿದವರಾರೆಂದು ವಿಚಾರಿಸುವ ನಾವು, ಭಾಷಾಂತರದ ವಿಷಯದಲ್ಲಿಯೂ ಅಷ್ಟೇ ಎಚ್ಚರವನ್ನು ವಹಿಸಬೇಕಲ್ಲವೆ?