ಚೌಕಟ್ಟಿನ ಹೊರಗೆ ನೋಡುವ ಬೆಕ್ಕು

ಕಳೆದ ವರ್ಷ ರಂಜಾನ್ ಈದ್‌ನ ಮರುದಿನ ನಮ್ಮ ಮನೆಯವರೆಲ್ಲ ಸೇರಿ ಒಂದು ಗ್ರೂಪ್ ಫೋಟೋ ತೆಗೆಸಿಕೊಂಡೆವು. ನಡುವೆ ಕುರ್ಚಿಯಲ್ಲಿ ಅಮ್ಮಿ, ಎಡಬಲಕ್ಕೆ ಅಣ್ಣತಮ್ಮಂದಿರು, ಹಿಂದೆ ಸೊಸೆಯಂದಿರು, ಮುಂದೆ ಚಾಪೆಯ ಮೇಲೆ ಮಕ್ಕಳು. ಫೋಟೋಗ್ರಾಫರ್ ಇನ್ನೇನು ಕ್ಲಿಕ್ಕಿಸಬೇಕು, ತಮ್ಮನ ಮಗಳು ಒಳಗೆ ಓಡಿ ಬೆಕ್ಕನ್ನು ಎತ್ತಿಕೊಂಡು ಬಂದಳು. "ಬಡೇ ಅಬ್ಬಾ, ಇದಿಲ್ಲದೆ ಫ್ಯಾಮಿಲಿ ಫೋಟೋ ಹೇಗಾಗ್ತದೆ?" ಎಂಬ ಅವಳ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಬೆಕ್ಕು ಅವಳ ಮಡಿಲಲ್ಲಿ ಕುಳಿತಿತು. ಆದರೆ ಕ್ಯಾಮರಾದತ್ತ ನೋಡಲು ಒಲ್ಲದು. ಕೊನೆಗೆ ಅಡಿಗೆಮನೆಯಿಂದ ಖಾಲಾರನ್ನು ಕರೆಸಲಾಯಿತು. ಹದಿನಾಲ್ಕು ವರ್ಷದಿಂದ ನಮ್ಮ ಮನೆಯ ಕೆಲಸ ನೋಡಿಕೊಳ್ಳುತ್ತಿರುವವರು ಅವರು. ಫೋಟೋಗ್ರಾಫರ್‌ನ ಪಕ್ಕ ನಿಂತು ಹಾಲಿನ ಬಟ್ಟಲಿಗೆ ಚಮಚ ಬಡಿದರು. ಬೆಕ್ಕು ಕಿವಿ ನಿಮಿರಿಸಿ ನೋಡಿತು. ಫೋಟೋ ಆಯಿತು.

ಪ್ರಿಂಟ್ ಕೈಗೆ ಬಂದಾಗ ಎಲ್ಲರಿಗೂ ಸಂತೋಷ. ನಾವು ಮಾತ್ರ ಒಂದು ಸಂಗತಿಯಲ್ಲಿ ಸಿಕ್ಕಿಕೊಂಡೆವು. ಹದಿಮೂರು ಮಂದಿ ನೇರವಾಗಿ ಕ್ಯಾಮರಾ ನೋಡುತ್ತಿದ್ದಾರೆ. ಬೆಕ್ಕು ಮಾತ್ರ ತುಸು ಪಕ್ಕಕ್ಕೆ, ಚೌಕಟ್ಟಿನ ಹೊರಗೆ ನೋಡುತ್ತಿದೆ. ಅದು ನೋಡುತ್ತಿರುವುದು ಖಾಲಾರನ್ನು. ಅವರನ್ನೂ ಒಳಗೆ ಕರೆಯಬೇಕೆಂದು ನಮಗಾರಿಗೂ ಹೊಳೆದಿರಲಿಲ್ಲ.

ಮನೆಯ ಗ್ರೂಪ್ ಫೋಟೋದಲ್ಲಿ ಸಾಕುಪ್ರಾಣಿಗಳನ್ನು ಸೇರಿಸಿಕೊಳ್ಳುವುದು ಇಂದು ನಗರಗಳಲ್ಲಿ ಸಾಮಾನ್ಯವಾಗಿದೆ. ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮೂಕಪ್ರಾಣಿಯೊಂದನ್ನು ಮನೆಯವರ ಸಾಲಿನಲ್ಲಿ ಕೂರಿಸುವುದು ಮನಸ್ಸು ಹಿಗ್ಗುವ ಲಕ್ಷಣವೇ. ಆದರೆ ಪ್ರತಿಯೊಂದು ಕುಟುಂಬಚಿತ್ರವೂ ಇವರು ನಮ್ಮವರು ಎಂದು ಹೇಳುವಾಗಲೇ ಉಳಿದವರು ಯಾರೆಂಬುದನ್ನೂ ಹೇಳಿಬಿಡುತ್ತದೆ. ಪ್ರಾಣಿಯೊಂದು ಒಳಗೆ ಬಂದಾಗ ಈ ಗೆರೆ ಇನ್ನಷ್ಟು ಢಾಳಾಗಿ ಕಾಣುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕ್ಯಾಮರಾ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದ ಒಂದು ವರ್ಣಚಿತ್ರ. ಇಂಗ್ಲೆಂಡಿನ ಎಡ್ವಿನ್ ಲ್ಯಾಂಡ್‌ಸಿಯರ್ 1840ರ ದಶಕದ ಆರಂಭದಲ್ಲಿ ರಾಣಿ ವಿಕ್ಟೋರಿಯಾಳ ಕುಟುಂಬವನ್ನು ವಿಂಡ್ಸರ್ ಅರಮನೆಯ ಕೋಣೆಯಲ್ಲಿ ಚಿತ್ರಿಸಿದ. ಗಂಡ ಆಲ್ಬರ್ಟ್ ಬೇಟೆಯಿಂದ ಬಂದು ಕುಳಿತಿದ್ದಾನೆ. ಅವನ ಪ್ರೀತಿಯ ಬೇಟೆನಾಯಿ ಇಯೋಸ್ ಮೊಣಕಾಲಿಗೆ ಒರಗಿ ನಿಂತಿದೆ. ರಾಣಿ ಪಕ್ಕದಲ್ಲಿ ನಿಂತಿದ್ದಾಳೆ. ಸುತ್ತ ಇನ್ನಷ್ಟು ನಾಯಿಗಳು. ನೋಡಿದರೆ ಯಾವುದೋ ಸುಖೀ ಸಂಸಾರ. ಆದರೆ ಅದೇ ಕೋಣೆಯಲ್ಲಿ ಬೇಟೆಯಾಡಿ ತಂದ ಹಕ್ಕಿಗಳು ಸತ್ತು ಬಿದ್ದಿವೆ. ಪುಟ್ಟ ರಾಜಕುಮಾರಿ ಅವುಗಳೊಂದಿಗೆ ಆಡುತ್ತಿದ್ದಾಳೆ. ಮುದ್ದಿಸಿಕೊಳ್ಳುವ ಪ್ರಾಣಿ, ಕೊಂದು ತಂದ ಪ್ರಾಣಿ ಎರಡೂ ಒಂದೇ ಚಿತ್ರದಲ್ಲಿವೆ. ರಾಣಿಯ ತಾಯಿ ಎಲ್ಲಿ? ಕಿಟಕಿಯಾಚೆ, ದೂರದ ತೋಟದಲ್ಲಿ, ಗಾಲಿಕುರ್ಚಿಯಲ್ಲಿ ಬೆರಳ ತುದಿಯಷ್ಟು ಕಾಣುತ್ತಾಳೆ. ನಾಯಿ ಮೊಣಕಾಲ ಬಳಿ, ತಾಯಿ ಕಿಟಕಿಯಾಚೆ.

ಲ್ಯಾಂಡ್‌ಸಿಯರ್‌ನನ್ನು ಹಂಗಿಸಲು ನಮಗೂ ಹೆಚ್ಚು ಹಕ್ಕಿಲ್ಲ. ಬಕ್ರೀದ್‌ಗೆ ಮುಂಚೆ, ತಾವೇ ಸೊಪ್ಪು ತಿನ್ನಿಸಿ ಸಾಕಿದ ಆಡಿನ ಕೊರಳಿಗೆ ಕೈಹಾಕಿ ನಿಂತ ಮಕ್ಕಳ ಫೋಟೋ ನಮ್ಮವರ ಎಷ್ಟೋ ಮನೆಗಳಲ್ಲಿದೆ. ಆ ಫೋಟೋ ನೋಡಿ ಮಗು ಕೇಳುವ ಪ್ರಶ್ನೆಗೆ ನಾವು ಉತ್ತರ ಹೇಳಲೇಬೇಕಾಗುತ್ತದೆ. ಲ್ಯಾಂಡ್‌ಸಿಯರ್‌ನ ಚಿತ್ರದಲ್ಲಿ ಅಂಥ ಪ್ರಶ್ನೆ ಕೇಳುವವರು ಯಾರೂ ಇಲ್ಲ.

1839ರಲ್ಲಿ ಡಾಗೇರ್‌ನ ಛಾಯಾಚಿತ್ರ ವಿಧಾನ ಜಗತ್ತಿಗೆ ಪರಿಚಯವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲುಗದೆ ಕೂರಬೇಕಿತ್ತು. ಮನುಷ್ಯರ ತಲೆಗೇ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಬಾಲ ಅಲ್ಲಾಡಿಸುವ ನಾಯಿ ಮಂಜಿನಂತೆ ಕಲಸಿಹೋಗುತ್ತಿತ್ತು. 1871ರಲ್ಲಿ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಲೇಪದ ಒಣ ಫಲಕದ ದಾರಿ ತೋರಿಸಿದ. ಅದು ಸುಧಾರಿಸುತ್ತ ಹೋದಂತೆ ಕ್ಷಣಾರ್ಧದಲ್ಲಿ ಚಿತ್ರ ಸಾಧ್ಯವಾಯಿತು. 1900ರಲ್ಲಿ ಕೊಡಕ್ ಕಂಪನಿ ಒಂದು ಡಾಲರಿನ ಬ್ರೌನಿ ಕ್ಯಾಮರಾ ತಂದಾಗ, ಪಶ್ಚಿಮದ ಸಾಮಾನ್ಯರ ಮನೆಯ ನಾಯಿ ಬೆಕ್ಕುಗಳೂ ಆಲ್ಬಂ ಸೇರಿದವು.

ನಮ್ಮ ದೇಶದಲ್ಲಿ ಆ ಆಲ್ಬಂಗಳು ಮೊದಲು ತುಂಬಿದ್ದು ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲಿ. ಜಗಲಿಯ ಮೇಲೆ ದೊರೆ, ದೊರೆಸಾನಿ, ಮಕ್ಕಳು, ಕಾಲ ಬಳಿ ನಾಯಿ. ಒಂದು ಪಕ್ಕದಲ್ಲಿ ಪೇಟ ತೊಟ್ಟ ಸೇವಕರು. ನಾಯಿ ನೋಡಿಕೊಳ್ಳುವುದಕ್ಕೇ ಒಬ್ಬ ಆಳು ಇರುತ್ತಿದ್ದ. ಅವನನ್ನು ಡೋರಿಯಾ ಎನ್ನುತ್ತಿದ್ದರು. ಡೋರ್ ಎಂದರೆ ಹಗ್ಗ, ಹಗ್ಗ ಹಿಡಿಯುವವನೇ ಡೋರಿಯಾ. ಎಷ್ಟೋ ಚಿತ್ರಗಳ ಕೆಳಗೆ ದೊರೆಯ ಹೆಸರಿದೆ, ನಾಯಿಯ ಹೆಸರೂ ಇದೆ. ಹಗ್ಗ ಹಿಡಿದವನಿಗೆ ಇರುವುದು ಕೆಲಸದ ಹೆಸರು ಮಾತ್ರ. ಇತ್ತ ನಮ್ಮ ಮನೆತನಗಳ ಹೆಂಗಸರಿಗೆ ಚೌಕಟ್ಟಿನೊಳಗೆ ಬರುವುದೇ ಕಷ್ಟವಿತ್ತು. ನಿಜಾಮರ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದು, ಇಂಗ್ಲಿಷ್ ಮಹಿಳೆಯೊಬ್ಬರನ್ನು ಅದಕ್ಕೆ ನೇಮಿಸಬೇಕಾಯಿತು.

ಹಾಗಾದರೆ ಹಗ್ಗ ಹಿಡಿದವನ ಚಿತ್ರ ಎಲ್ಲಿಯೂ ಇಲ್ಲವೇ? ಕನ್ನಡದಲ್ಲಿ ಇದೆ. ಆದರೆ ಅದು ಫೋಟೋದಲ್ಲಲ್ಲ, ಕಾದಂಬರಿಯಲ್ಲಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದ ಯಾರೂ ನಾಯಿಗುತ್ತಿಯನ್ನು ಮರೆಯಲಾರರು. ಸಿಂಬಾವಿ ಹೆಗ್ಗಡೆಯವರ ಹೊಲೆಯರ ಜೀತದಾಳು ಗುತ್ತಿ. ಅವನ ನಾಯಿ ಹುಲಿಯ. ನಾಯಿಯೇ ಅವನ ಹೆಸರಿನ ಭಾಗವಾಗಿದೆ. ಊರವರು ಅದನ್ನು ಹೀಯಾಳಿಕೆಯಾಗಿ ಬಳಸಬಹುದು, ಕುವೆಂಪು ಬಳಸುವುದಿಲ್ಲ. ಕಾಡು, ಮಳೆ, ಹೊಳೆ ದಾಟಿ ಅವರಿಬ್ಬರೂ ನಡೆಯುವಾಗ ನಾಯಿಯೂ ಮನುಷ್ಯನೂ ಒಂದೇ ಎತ್ತರದಲ್ಲಿ ಕಾಣುತ್ತಾರೆ. ಕೊನೆಯಲ್ಲಿ ಉಕ್ಕಿ ಹರಿಯುವ ತುಂಗೆ ಹುಲಿಯನನ್ನು ಕೊಂಡೊಯ್ಯುವಾಗ ನಮಗಾಗುವ ಸಂಕಟ ಬಂಧುವೊಬ್ಬ ಹೋದಾಗಿನ ಸಂಕಟವೇ. ಯಾವ ಸ್ಟುಡಿಯೋದ ಮೆಟ್ಟಿಲೂ ಹತ್ತದ ಗುತ್ತಿಗೆ ಕನ್ನಡ ಕೊಟ್ಟ ಕುಟುಂಬಚಿತ್ರ ಇದು.

ಫೋಟೋಗ್ರಫಿಗೆ ಇದು ಸಾಧ್ಯವೇ ಇಲ್ಲ ಎಂದು ಹೇಳಲಾಗದು. 2023ರಲ್ಲಿ ತೀರಿಕೊಂಡ ಎಲಿಯಟ್ ಅರ್ವಿಟ್ 1974ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಚಿತ್ರವೊಂದಿದೆ. ಅದರಲ್ಲಿ ಒಂದು ಭಾರಿ ನಾಯಿಯ ಎರಡು ಕಾಲು, ಬೂಟು ತೊಟ್ಟ ಹೆಂಗಸಿನ ಎರಡು ಕಾಲು, ಪಕ್ಕದಲ್ಲಿ ಟೋಪಿ ತೊಟ್ಟ ಅಂಗೈಯಗಲದ ಪುಟ್ಟ ನಾಯಿ. ಮುಖ ಕಾಣುವುದು ಪುಟ್ಟ ನಾಯಿಯದು ಮಾತ್ರ. ಅರ್ವಿಟ್ ಕ್ಯಾಮರಾವನ್ನು ನೆಲಕ್ಕೆ ಇಳಿಸಿದ್ದಾನೆ, ಅಷ್ಟೆ. ಆ ಎತ್ತರದಿಂದ ನೋಡಿದರೆ ಒಡತಿಯೂ ದೊಡ್ಡ ನಾಯಿಯೂ ಬರೀ ಕಾಲುಗಳು. ನಗು ಬರುತ್ತದೆ. ನಕ್ಕ ಮೇಲೆ, ದಿನವೂ ಈ ಪುಟ್ಟ ಜೀವ ನೋಡುವ ಲೋಕ ಇಷ್ಟೇ ಅಲ್ಲವೇ ಎಂಬ ಯೋಚನೆಯೂ ಬರುತ್ತದೆ. ಮದುವೆ ಆಲ್ಬಂಗಳಲ್ಲಿ ನಾಯಿಗೆ ಕನ್ನಡಕ, ಜರಿಪೇಟ ತೊಡಿಸಿ ಮೇಲಿನಿಂದ ಫ್ಲಾಶ್ ಹೊಡೆಯುವವರು ಅರ್ವಿಟ್‌ನಿಂದ ಟೋಪಿಯನ್ನಷ್ಟೇ ಕಲಿತಿದ್ದಾರೆ, ಮಂಡಿಯೂರುವುದನ್ನು ಕಲಿತಿಲ್ಲ.

ಒಂದು ಮನೆಫೋಟೋಕ್ಕೆ ಇಷ್ಟೆಲ್ಲ ವಿಮರ್ಶೆ ಬೇಕೆ ಎಂದು ಓದುಗರು ಕೇಳಬಹುದು. ಗೋಡೆಯ ಮೇಲೆ ಐವತ್ತು ವರ್ಷ ತೂಗುವ ಚಿತ್ರವನ್ನು ಮುಂದಿನವರು ಸಾಕ್ಷಿಯೆಂದೇ ಓದುತ್ತಾರೆ. ನಮ್ಮ ಮೊಮ್ಮಕ್ಕಳಿಗೆ ಬೆಕ್ಕಿನ ಬಣ್ಣ ತಿಳಿಯುತ್ತದೆ, ಅದಕ್ಕೆ ಹಾಲು ಹಾಕಿದವರ ಮುಖ ತಿಳಿಯುವುದಿಲ್ಲ.

ಈ ಮಾತನ್ನು ಮನೆಯಲ್ಲಿ ಹೇಳಿದೆವು. ಇನ್ನೊಂದು ಫೋಟೋ ತೆಗೆಸೋಣ, ಖಾಲಾ ಕೂಡ ಕೂರಲಿ ಎಂದು ಅಮ್ಮಿಯೇ ಅಂದರು. ಖಾಲಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ನನ್ನ ಫೋಟೋ ಯಾಕೆ ಭಾಯಿ, ಬೆಕ್ಕು ಚೆನ್ನಾಗಿಯೇ ಬಂದಿದೆಯಲ್ಲ" ಎಂದರು. ಅದು ಸಂಕೋಚವೋ, ನಮ್ಮ ಮೇಲಿನ ಮುನಿಸೋ ತಿಳಿಯಲಿಲ್ಲ. ಹದಿನಾಲ್ಕು ವರ್ಷ ಕರೆಯದವರು ಒಂದು ದಿನ ಕರೆದರೆ ತಟ್ಟನೆ ಬಂದು ಕೂರಬೇಕೆಂದು ನಿರೀಕ್ಷಿಸುವುದೂ ನಮ್ಮ ಸೊಕ್ಕೇ ಇರಬೇಕು.

ಫೋಟೋ ಈಗ ನಮ್ಮ ಹಾಲ್‌ನಲ್ಲಿದೆ. ಮನೆಗೆ ಬಂದವರು ಬೆಕ್ಕನ್ನು ನೋಡಿ, ಇದು ಎತ್ತ ನೋಡ್ತಾ ಇದೆ ಎಂದು ಕೇಳುತ್ತಾರೆ. ತಮ್ಮನ ಮಗಳು ಅಡಿಗೆಮನೆಯತ್ತ ಕೈ ತೋರಿಸುತ್ತಾಳೆ.