ಐವತ್ತರ ಪುಟ್ಟ ಲೆನ್ಸು

ರಂಗನತಿಟ್ಟಿನ ದೋಣಿಯಲ್ಲಿ ಕೂತು ಬಣ್ಣದ ಕೊಕ್ಕರೆಯನ್ನು ಕ್ಯಾಮೆರಾದಲ್ಲಿ ಹಿಡಿಯಲು 400 ಎಂ.ಎಂ. ಲೆನ್ಸು ಬೇಕು. ಹಂಪಿಯ ವಿಠಲ ದೇಗುಲದ ಅಂಗಳಕ್ಕೆ 16 ಅಥವಾ 24. ಮನೆಯೊಳಗಿನ ಮುಖಗಳಿಗೆ ಮಾತ್ರ ನಾನು ನೆಚ್ಚುವುದು 50 ಎಂ.ಎಂ. ಎಫ್ 1.8 ಲೆನ್ಸನ್ನೇ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಆದರೂ ಎಫ್ 3.5 ಲೆನ್ಸಿನ ಸುಮಾರು ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ದೀಪದ ಬೆಳಕಲ್ಲಿ ಹೂ ಕಟ್ಟುವ ಅಜ್ಜಿಯ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಕಿಲ್ಲ. ಕಣ್ಣು ನಿಚ್ಚಳ, ಹಿಂದಿನ ಗೋಡೆ ಬೆಣ್ಣೆಯಂತೆ ಕರಗಿರುತ್ತದೆ. ಝೂಮ್ ಇಲ್ಲ, ನಾವೇ ನಡೆದು ಹತ್ತಿರ ಹೋಗಬೇಕು. ಆ ನಡಿಗೆಯೇ ನನಗಿಷ್ಟ. ಹೋದಾಗ ನಾಲ್ಕು ಮಾತೂ ಆಗುತ್ತದೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೇ ಬ್ರೆಸ್ಸಾನ್ ತಮ್ಮ ಬಹುಪಾಲು ಚಿತ್ರಗಳನ್ನು ತೆಗೆದದ್ದೂ 50ರಲ್ಲೇ. ಹೊಸದಾಗಿ ಕ್ಯಾಮೆರಾ ಕೊಂಡವರು ದೊಡ್ಡ ಝೂಮಿಗೆ ದುಡ್ಡು ಸುರಿಯುವ ಮೊದಲು ಇದನ್ನೊಂದು ತಿಂಗಳು ಬಳಸಿ ನೋಡಿ.