ಸುಮ್ಮನೆ ಮಲಗಿದವರನ್ನು ನೋಡುವ ಪಾಠ

ಒಂದೇ ರೋಗಿಯನ್ನು ಇಬ್ಬರು ನೋಡಿದರು. ಒಬ್ಬರು ಪಾಳಿಯುದ್ದಕ್ಕೂ ಆರೈಕೆ ಮಾಡುವ ವಾರ್ಡಿನ ನರ್ಸ್. ಇನ್ನೊಬ್ಬರು ಡೆಲಿರಿಯಂ ಗುರುತಿಸಲೆಂದೇ ತರಬೇತಿ ಪಡೆದ ಸಂಶೋಧಕರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶರಾನ್ ಇನೋಯೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಈ ಹೋಲಿಕೆಯಲ್ಲಿ, ಡೆಲಿರಿಯಂ ಇದ್ದ ರೋಗಿಗಳ ಪೈಕಿ ನರ್ಸ್‌ಗಳ ಗಮನಕ್ಕೆ ಬಂದವರು ಶೇ. 31 ಮಾತ್ರ. ಕಣ್ತಪ್ಪಿದವರು ಯಾರು ಎಂಬುದು ಇನ್ನೂ ಕಳವಳ ತರುವ ಸಂಗತಿ: ಗಲಾಟೆ ಮಾಡದೆ ಮಂಕಾಗಿ ಮಲಗಿದ್ದವರು, 80 ದಾಟಿದವರು, ಕಣ್ಣು ಸರಿಯಾಗಿ ಕಾಣದವರು, ಮೊದಲೇ ಮರೆವಿನ ಕಾಯಿಲೆ ಇದ್ದವರು. ಯಾರ ಮೇಲೆ ಹೆಚ್ಚು ನಿಗಾ ಬೇಕಿತ್ತೋ ಅವರೇ ತಪ್ಪಿಹೋಗಿದ್ದರು.

ಡೆಲಿರಿಯಂ ಎಂದರೆ ಕೆಲವೇ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಬುದ್ಧಿ ಕದಡುವುದು. ಗಮನ ಒಂದು ಕಡೆ ನಿಲ್ಲುವುದಿಲ್ಲ, ಹೊತ್ತುಗೊತ್ತು ತಪ್ಪುತ್ತದೆ, ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆಗೆ ಮಗನನ್ನೇ ಗುರುತಿಸುವುದಿಲ್ಲ. ಜ್ವರ ತಲೆಗೇರಿ ಬಡಬಡಿಸುತ್ತಿದ್ದಾರೆ ಎಂದು ಮನೆಯವರು ಹೇಳುವುದು, ಹಿರಿಯರು ಸನ್ನಿ ಎನ್ನುತ್ತಿದ್ದುದು ಇದರ ಒಂದು ಮುಖ. ಇನ್ನೊಂದು ಮುಖದಲ್ಲಿ ರೋಗಿ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ, ಕೇಸ್‌ಶೀಟಿನಲ್ಲಿ ‘ರೋಗಿ ಶಾಂತವಾಗಿದ್ದಾರೆ’ ಎಂಬ ಸಾಲು ಬೀಳುತ್ತದೆ. ಮೂತ್ರದ ಸೋಂಕು, ನ್ಯುಮೋನಿಯ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ನೋವು, ಶಸ್ತ್ರಚಿಕಿತ್ಸೆ, ಹೊಸದಾಗಿ ಶುರುವಾದ ಮಾತ್ರೆ ಹೀಗೆ ಕಾರಣ ಏನೂ ಇರಬಹುದು, ಮೂರು ನಾಲ್ಕು ಒಟ್ಟಿಗೆ ಸೇರಿಯೂ ಇರಬಹುದು. ಇದು ಬಂದುಹೋಗುವ ತಾತ್ಕಾಲಿಕ ಗೊಂದಲವಷ್ಟೇ ಅಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ ಈಲಿ ತಂಡ 2004ರಲ್ಲಿ ತೋರಿಸಿದಂತೆ, ವೆಂಟಿಲೇಟರ್ ಮೇಲಿದ್ದ ರೋಗಿಗಳಲ್ಲಿ ಡೆಲಿರಿಯಂ ಬಂದವರ ಪೈಕಿ ಶೇ. 34 ಮಂದಿ ಆರು ತಿಂಗಳೊಳಗೆ ತೀರಿಕೊಂಡರು, ಬಾರದವರಲ್ಲಿ ಶೇ. 15.

ಇಷ್ಟು ದೊಡ್ಡ ಸಂಗತಿಯನ್ನು ಆಸ್ಪತ್ರೆಗಳು ತಮ್ಮ ಸಿಬ್ಬಂದಿಗೆ ಹೇಗೆ ಕಲಿಸುತ್ತವೆ? ಸಾಮಾನ್ಯವಾಗಿ ಒಂದು ಉಪನ್ಯಾಸ, ಕೆಲವು ಸ್ಲೈಡು, ಕೊನೆಗೆ ಹತ್ತು ಪ್ರಶ್ನೆಗಳ ಪರೀಕ್ಷೆ. ಪರೀಕ್ಷೆಯಲ್ಲಿ ಅಂಕ ಏರುತ್ತದೆ, ವಾರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ಇಂಥ ತರಬೇತಿಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಹೇಳಿದ್ದೂ ಇದನ್ನೇ: ತಿಳಿವಳಿಕೆ ತುಂಬುವ ಪಾಠ ಒಂದೇ ಸಾಲದು, ಅದನ್ನು ಬಳಸಲು ಸಾಧನ ಕೈಯಲ್ಲಿರಬೇಕು, ಬಳಸಿದವರಿಗೆ ಮತ್ತೆ ಮತ್ತೆ ನೆನಪಿಸಿ ತಿದ್ದುವವರು ಇರಬೇಕು. ಹಾಗೆಂದು ಪಾಠವೇ ವ್ಯರ್ಥ ಎನ್ನುವಂತಿಲ್ಲ. 2005ರ ಬ್ರಿಟಿಷ್ ಅಧ್ಯಯನವೊಂದು ಒಂದು ಆಸ್ಪತ್ರೆಯ ಎರಡು ವಾರ್ಡುಗಳನ್ನು ಹೋಲಿಸಿತು. ಒಂದರ ವೈದ್ಯರು, ನರ್ಸ್‌ಗಳಿಗೆ ಒಂದು ಗಂಟೆಯ ಪಾಠ, ಜೊತೆಗೆ ಚರ್ಚೆ, ಲಿಖಿತ ಮಾರ್ಗಸೂಚಿ, ಆಮೇಲೂ ಸಣ್ಣ ಗುಂಪುಗಳಲ್ಲಿ ತಮ್ಮ ರೋಗಿಗಳ ಬಗ್ಗೆಯೇ ಮಾತುಕತೆ. ಆ ವಾರ್ಡಿನಲ್ಲಿ 70 ದಾಟಿದ ರೋಗಿಗಳಲ್ಲಿ ಡೆಲಿರಿಯಂ ಶೇ. 9.8 ಇತ್ತು, ಇನ್ನೊಂದರಲ್ಲಿ ಶೇ. 19.5. ಎರಡೇ ವಾರ್ಡುಗಳ ಲೆಕ್ಕವಾದ್ದರಿಂದ ಇದನ್ನೇ ಕೊನೆಯ ಸಾಕ್ಷಿ ಎನ್ನಲಾಗದು. ಆದರೂ ಅಲ್ಲಿ ಕೆಲಸ ಮಾಡಿದ್ದು ಆ ಒಂದು ಗಂಟೆಗಿಂತ ಹೆಚ್ಚಾಗಿ ಅದರ ನಂತರದ ವಾರಗಳು ಎಂದು ನಂಬಲು ಕಾರಣವಿದೆ.

ಇನ್ನು ಸಾಧನಗಳ ವಿಷಯ. ಇನೋಯೆ ಅವರೇ 1990ರಲ್ಲಿ ರೂಪಿಸಿದ ಸಿಎಎಂ ಎಂಬ ವಿಧಾನ ನಾಲ್ಕು ಲಕ್ಷಣಗಳನ್ನು ನೋಡುತ್ತದೆ. ದಿಢೀರ್ ಶುರುವಾಗಿ ಏರಿಳಿಯುವ ಬದಲಾವಣೆ ಮತ್ತು ಗಮನ ನಿಲ್ಲದಿರುವುದು ಎರಡೂ ಇರಲೇಬೇಕು. ಇವುಗಳ ಜೊತೆಗೆ ಮಾತಿನಲ್ಲಿ ಅಡ್ಡಾದಿಡ್ಡಿತನ ಅಥವಾ ಎಚ್ಚರದ ಮಟ್ಟದಲ್ಲಿ ವ್ಯತ್ಯಾಸ, ಎರಡರಲ್ಲೊಂದು ಕಾಣಬೇಕು. ನಿಖರವಾದ ವಿಧಾನವೇ. ಆದರೆ ಬಳಸುವವರಿಗೆ ಚೆನ್ನಾಗಿ ತರಬೇತಿ ಬೇಕು. ಮೂವತ್ತು ಹಾಸಿಗೆಗೆ ಇಬ್ಬರು ಸಿಸ್ಟರ್ ಇರುವ ರಾತ್ರಿ ಪಾಳಿಯಲ್ಲಿ ಅದು ನಡೆಯುವ ಮಾತಲ್ಲ. ಎಡಿನ್‌ಬರೊದ ಅಲಸ್ಡೇರ್ ಮೆಕ್ಲಲಿಕ್ ಮತ್ತು ಜೊತೆಗಾರರು ರೂಪಿಸಿದ 4ಎಟಿ ಪರೀಕ್ಷೆ ಈ ಕೊರತೆಯನ್ನು ತುಂಬಿತು. ವಿಶೇಷ ತರಬೇತಿ ಬೇಡ, ಎರಡು ನಿಮಿಷ ಸಾಕು. ಸ್ಕಾಟ್ಲೆಂಡಿನ ರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಇದನ್ನು ಶಿಫಾರಸು ಮಾಡಿತು, ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ 2023ರ ಪರಿಷ್ಕರಣೆಯಲ್ಲಿ ಇದನ್ನು ಸೇರಿಸಿಕೊಂಡಿತು.

4ಎಟಿಯನ್ನು ಹತ್ತಿರದಿಂದ ನೋಡಿದರೆ ಅದರ ಗುಣವೂ ದೋಷವೂ ಒಟ್ಟಿಗೆ ಕಾಣುತ್ತವೆ. ಮೊದಲು ರೋಗಿ ಎಚ್ಚರವಾಗಿದ್ದಾರೆಯೇ ಎಂದು ನೋಡಬೇಕು, ಎಚ್ಚರ ಸ್ಪಷ್ಟವಾಗಿ ಕೆಟ್ಟಿದ್ದರೆ ನಾಲ್ಕು ಅಂಕ. ನಂತರ ವಯಸ್ಸು, ಹುಟ್ಟಿದ ದಿನಾಂಕ, ಈಗ ಇರುವ ಸ್ಥಳ, ಈಗಿನ ಇಸವಿ ಕೇಳಬೇಕು, ಎರಡು ತಪ್ಪಿದರೆ ಎರಡು ಅಂಕ. ಆಮೇಲೆ ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸಬೇಕು, ಏಳು ತಿಂಗಳು ಮುಟ್ಟದಿದ್ದರೆ ಒಂದು ಅಂಕ, ಕೇಳಲೂ ಆಗದ ಸ್ಥಿತಿಯಿದ್ದರೆ ಎರಡು. ಕೊನೆಯದಾಗಿ, ಇತ್ತೀಚೆಗೆ ದಿಢೀರ್ ಬದಲಾವಣೆಯೋ ಏರಿಳಿತವೋ ಆಗಿದೆಯೇ ಎಂದು ತಿಳಿಯಬೇಕು, ಹೌದಾದರೆ ಮತ್ತೆ ನಾಲ್ಕು ಅಂಕ. ಒಟ್ಟು ನಾಲ್ಕು ಮುಟ್ಟಿದರೆ ಡೆಲಿರಿಯಂ ಶಂಕೆ.

ಈಗ ಇದನ್ನು ಗದಗದ ಕಡೆಯಿಂದಲೋ ಮಲೆನಾಡಿನಿಂದಲೋ ಜಿಲ್ಲಾಸ್ಪತ್ರೆಗೆ ಬಂದ, ಶಾಲೆ ಕಾಣದ ಅಜ್ಜಿಯೊಬ್ಬರ ಮುಂದೆ ಇಡಬೇಕು. ಹುಟ್ಟಿದ ದಿನಾಂಕ ಅವರಿಗೆ ಯಾವತ್ತೂ ಗೊತ್ತಿರಲಿಲ್ಲ, ಆಧಾರ್ ಕಾರ್ಡಿನಲ್ಲಿ ಯಾರೋ ಬರೆಸಿದ ಜನವರಿ ಒಂದು ಇರುತ್ತದೆ. ಇಸವಿಯ ಗೊಡವೆ ಅವರಿಗಿಲ್ಲ. ತಿಂಗಳು ಕೇಳಿದರೆ ಶ್ರಾವಣ, ಕಾರ್ತೀಕ ಗೊತ್ತು, ಡಿಸೆಂಬರ್ ನವೆಂಬರ್ ಉಲ್ಟಾ ಹೇಳುವುದು ಬಾರದು. ಬುದ್ಧಿ ನೂರಕ್ಕೆ ನೂರು ನೆಟ್ಟಗಿದ್ದರೂ ಮೂರು ಅಂಕ ಆಗಲೇ ಬಿತ್ತು, ಸಿಸ್ಟರ್ ‘ಕೇಳಲು ಆಗದು’ ಎಂದು ಗುರುತು ಹಾಕಿದರೆ ನಾಲ್ಕು. ಅತ್ತ ನಿವೃತ್ತ ಮೇಷ್ಟ್ರು ಒಬ್ಬರು ಮಂಕಾಗಿದ್ದರೂ ರೂಢಿಯ ಬಲದಿಂದ ಎಲ್ಲಕ್ಕೂ ಉತ್ತರ ಹೇಳಿ ಪಾರಾಗಬಹುದು. ಗಮನ ಪರೀಕ್ಷಿಸಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವುದು, ಇಪ್ಪತ್ತರಿಂದ ಒಂದರವರೆಗೆ ಎಣಿಸುವುದು ವೈದ್ಯರಿಗೆ ಹೊಸದಲ್ಲ. ನಮ್ಮಲ್ಲಿ ತರಬೇತಿ ಕೊಡುವವರು ಮೊದಲು ಮಾಡಬೇಕಾದ ಕೆಲಸ ಇದು: ಅಚ್ಚಾದ ಪ್ರಶ್ನೆಗಳನ್ನು ಓದಿ ಅಂಕ ತುಂಬುವುದಕ್ಕಿಂತ, ಪ್ರಶ್ನೆಯ ಹಿಂದೆ ಏನನ್ನು ಅಳೆಯಲು ಹೊರಟಿದ್ದೇವೆ ಎಂದು ಕಲಿಸುವುದು.

ಈ ಪರೀಕ್ಷೆಯ ಅತ್ಯಂತ ಬೆಲೆಬಾಳುವ ಭಾಗ ಅದರ ನಾಲ್ಕನೆಯ ಪ್ರಶ್ನೆ. ತರಬೇತಿಗಳಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವುದೂ ಅದೇ. ‘ನಿನ್ನೆ ಅಮ್ಮ ಹೀಗಿರಲಿಲ್ಲ ಸಿಸ್ಟರ್’ ಎಂದು ಮಗಳು ಹೇಳುವ ಒಂದು ಮಾತಿಗೆ ನಾಲ್ಕಕ್ಕೆ ನಾಲ್ಕು ಅಂಕ ಸಲ್ಲುತ್ತದೆ. ಬೇರೆ ಯಾವ ಪ್ರಶ್ನೆಗೆ ಉತ್ತರ ಬಾರದಿದ್ದರೂ ಅಷ್ಟೇ ಸಾಕು. 2010ರಲ್ಲಿ ಆಸ್ಟ್ರೇಲಿಯದ ವೈದ್ಯರು ಕ್ಯಾನ್ಸರ್ ರೋಗಿಗಳ ಬಂಧು ಮಿತ್ರರಿಗೆ ಒಂದೇ ಒಂದು ಪ್ರಶ್ನೆ, ಇತ್ತೀಚೆಗೆ ಇವರಿಗೆ ಗೊಂದಲ ಹೆಚ್ಚಾಗಿದೆಯೇ ಎಂದು ಕೇಳಿ, ಅದೂ ಉಪಯುಕ್ತ ಸುಳಿವು ಕೊಡುತ್ತದೆ ಎಂದು ತೋರಿಸಿದರು. ನಮ್ಮ ವಾರ್ಡುಗಳಲ್ಲಿ ಆ ಮಗಳಿಗೆ ಸಿಗುವ ಉತ್ತರ ಬಹಳ ಸಲ ‘ವಯಸ್ಸಾಯ್ತಲ್ಲಮ್ಮ, ಹಾಗೇ’. ಆ ಮಾತು ನಿಲ್ಲದ ಹೊರತು ಯಾವ ತರಬೇತಿಯೂ ಪೂರ್ತಿಯಾಯಿತು ಎನ್ನಲಾಗದು.

ಗುರುತಿಸುವುದನ್ನಷ್ಟೇ ಕಲಿಸಿ ಮುಂದಿನದನ್ನು ಬಿಟ್ಟುಬಿಡುವುದರಲ್ಲಿ ಒಂದು ಅಪಾಯವೂ ಇದೆ. ಡೆಲಿರಿಯಂ ಎಂಬ ಹೆಸರು ಬಿದ್ದ ಕೂಡಲೇ ಹ್ಯಾಲೊಪೆರಿಡಾಲ್ ಇಂಜೆಕ್ಷನ್ನಿಗೆ ಕೈ ಹೋಗುತ್ತದೆ. 2018ರಲ್ಲಿ ಪ್ರಕಟವಾದ ಮೈಂಡ್-ಯುಎಸ್‌ಎ ಪ್ರಯೋಗದಲ್ಲಿ ಐಸಿಯುನ 566 ರೋಗಿಗಳಿಗೆ ಹ್ಯಾಲೊಪೆರಿಡಾಲ್, ಜಿಪ್ರಾಸಿಡೋನ್ ಅಥವಾ ಔಷಧವಿಲ್ಲದ ದ್ರಾವಣ ಕೊಟ್ಟು ನೋಡಿದಾಗ ಡೆಲಿರಿಯಂ ಇದ್ದ ಅವಧಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಿದ್ದೆ ಬರಲೆಂದು ಕೊಡುವ ಬೆಂಜೊಡಯಾಜೆಪೀನ್ ಮಾತ್ರೆ, ನೆಗಡಿ ತುರಿಕೆಗೆ ಕೊಡುವ ಹಳೆಯ ತಲೆಮಾರಿನ ಅಲರ್ಜಿ ಔಷಧಗಳು ವಯಸ್ಸಾದವರಲ್ಲಿ ಸ್ವತಃ ಡೆಲಿರಿಯಂ ತರಬಲ್ಲವು. ಆದರೆ ಕುಡಿತ ನಿಂತ ಎರಡು ಮೂರು ದಿನಕ್ಕೆ, ಕಾಲು ಮುರಿದು ದಾಖಲಾದ ಗಂಡಸು ಮೈ ನಡುಗಿಸುತ್ತ ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದರೆ, ಅಲ್ಲಿ ಅದೇ ಬೆಂಜೊಡಯಾಜೆಪೀನ್ ಜೀವ ಉಳಿಸುವ ಮದ್ದು, ಜೊತೆಗೆ ಥಯಮಿನ್ ಕೂಡ ಬೇಕು. ಈ ಎರಡನ್ನೂ ಒಂದೇ ಪಾಠದಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲೇ ಬೇರ್ಪಡಿಸಿ ತೋರಿಸುವ ಶಿಕ್ಷಕರು ಬೇಕು. ಸ್ಲೈಡಿನಲ್ಲಿ ಎರಡೂ ಒಂದೇ ಹೆಸರಿನಡಿ ಬಂದು ಹೋಗುತ್ತವೆ.

ತಡೆಯುವ ವಿದ್ಯೆಯ ವಿಚಾರದಲ್ಲಿ ಇಂದಿಗೂ ಅಳತೆಗೋಲು ಎಂದರೆ ಯೇಲ್–ನ್ಯೂ ಹೇವನ್ ಆಸ್ಪತ್ರೆಯಲ್ಲಿ ಇನೋಯೆ ತಂಡ ನಡೆಸಿ 1999ರಲ್ಲಿ ಪ್ರಕಟಿಸಿದ ಕಾರ್ಯಕ್ರಮ, ಮುಂದೆ ಹೆಲ್ಪ್ ಎಂದು ಹೆಸರಾದದ್ದು. 70 ದಾಟಿದ 852 ರೋಗಿಗಳು. ಆರು ಅಪಾಯಗಳ ಮೇಲೆ ಕಣ್ಣು: ಮರೆವು, ನಿದ್ದೆಗೇಡು, ಹಾಸಿಗೆ ಬಿಟ್ಟೇಳದಿರುವುದು, ದೃಷ್ಟಿ, ಕಿವಿ, ನೀರಿನಂಶದ ಕೊರತೆ. ಇವಕ್ಕೆ ಮಾಡಿದ ಏರ್ಪಾಡುಗಳನ್ನು ಓದುವುದೇ ಒಂದು ಸಂತೋಷ. ನೋಡಿಕೊಳ್ಳುವವರ ಹೆಸರು, ಅಂದಿನ ದಿನಚರಿ ಬರೆದ ಹಲಗೆ ಕಣ್ಣೆದುರು ಇರುತ್ತಿತ್ತು. ದಿನಕ್ಕೆ ಮೂರು ಸಲ ನಡೆದಾಡಿಸುವುದು ಅಥವಾ ಕೈಕಾಲು ಆಡಿಸುವುದು. ಕರೆಗಂಟೆಗೆ ಹೊಳೆಯುವ ಟೇಪು, ದಪ್ಪ ಅಕ್ಷರದ ಪುಸ್ತಕ, ಕಿವಿಯ ಗುಗ್ಗೆ ತೆಗೆಯುವುದು. ಮಲಗುವಾಗ ಬಿಸಿ ಹಾಲು ಅಥವಾ ಗಿಡಮೂಲಿಕೆ ಚಹಾ, ಹಿತವಾದ ಸಂಗೀತ, ಬೆನ್ನು ನೀವುವುದು. ಮಾತ್ರೆ ಪುಡಿ ಮಾಡುವ ಯಂತ್ರವೂ ಸದ್ದು ಮಾಡದಂಥದ್ದೇ ಇತ್ತು. ಸಾಮಾನ್ಯ ಆರೈಕೆ ಪಡೆದ ಗುಂಪಿನಲ್ಲಿ ಶೇ. 15 ಮಂದಿಗೆ ಡೆಲಿರಿಯಂ ಬಂತು, ಈ ಏರ್ಪಾಡು ಸಿಕ್ಕ ಗುಂಪಿನಲ್ಲಿ ಶೇ. 9.9 ಮಂದಿಗೆ.

ಈ ಅಧ್ಯಯನವನ್ನು ಹೊಗಳುವವರು ಮರೆಯುವ ಎರಡು ಮಾತುಗಳಿವೆ. ಅದು ಒಂದೇ ಆಸ್ಪತ್ರೆಯದು, ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಹೋಲಿಕೆಯಾಗುವವರನ್ನು ಜೋಡಿಸಿ ನೋಡಲಾಗಿತ್ತು. ಎರಡನೆಯದು ಇನ್ನೂ ಮುಖ್ಯ: ಡೆಲಿರಿಯಂ ಒಮ್ಮೆ ಬಂದ ಮೇಲೆ ಅದರ ತೀವ್ರತೆಯಲ್ಲಾಗಲಿ ಮರುಕಳಿಸುವುದರಲ್ಲಾಗಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಫಲ ಸಿಕ್ಕಿದ್ದು ಬರುವ ಮುನ್ನ ಮಾಡಿದ ಕೆಲಸಕ್ಕೆ. ಆದ್ದರಿಂದ ಗುರುತಿಸುವುದಕ್ಕೆ ಮುಕ್ಕಾಲು ಪಾಲು ಸಮಯ, ತಡೆಯುವುದಕ್ಕೆ ಕೊನೆಯ ಒಂದು ಸ್ಲೈಡು ಎಂಬ ಈಗಿನ ತರಬೇತಿಯ ಕ್ರಮ ತಲೆಕೆಳಗಾಗಿದೆ. ತೀವ್ರತೆ ತಗ್ಗಿಸಲು ಆಗದಿರುವಾಗ, ಕನ್ನಡಕ ಎಲ್ಲಿದೆ, ಹಲ್ಲಿನ ಸೆಟ್ಟು ಎಲ್ಲಿದೆ, ಇವತ್ತು ಎಷ್ಟು ನೀರು ಹೋಯಿತು, ಕ್ಯಾತಿಟರ್ ಇನ್ನೂ ಬೇಕೇ ಎಂಬ ಪ್ರಶ್ನೆಗಳೇ ನಿಜವಾದ ಚಿಕಿತ್ಸೆ. ಅವು ಬೆಳಗಿನ ರೌಂಡ್ಸಿನಲ್ಲಿ ರಕ್ತದೊತ್ತಡದಷ್ಟೇ ಗಂಭೀರವಾಗಿ ಬರಬೇಕು.

ಹೆಲ್ಪ್ ನಡೆದದ್ದು ತರಬೇತಾದ ಸ್ವಯಂಸೇವಕರ ಬಲದಿಂದ. ಅಮೆರಿಕದ ವಾರ್ಡುಗಳಲ್ಲಿ ಅಂಥವರನ್ನು ಹುಡುಕಿ ತರಬೇಕು. ಕರ್ನಾಟಕದ ಆಸ್ಪತ್ರೆಗಳಲ್ಲಿ ಆ ಜಾಗದಲ್ಲಿ ಆಗಲೇ ಒಬ್ಬರು ಇದ್ದಾರೆ: ಹಾಸಿಗೆಯ ಪಕ್ಕದ ನೆಲದ ಮೇಲೆ ಚಾಪೆ ಹಾಸಿಕೊಂಡು ರಾತ್ರಿ ಕಳೆಯುವ ಸೊಸೆ, ತಮ್ಮ, ಮೊಮ್ಮಗ. ರೋಗಿಯ ಮಾತು, ಊಟ, ನಿದ್ದೆಯ ರೀತಿ ಅವರಿಗೆ ಗೊತ್ತು. ಕೋವಿಡ್ ಕಾಲದಲ್ಲಿ 14 ದೇಶಗಳ 69 ಐಸಿಯುಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಡೆಲಿರಿಯಂ ಬಂದಿತ್ತು. ಮನೆಯವರು ಖುದ್ದಾಗಿಯೋ ವಿಡಿಯೊ ಕರೆಯಲ್ಲೋ ಭೇಟಿಯಾದವರಲ್ಲಿ ಅಪಾಯ ಕಡಿಮೆ ಇತ್ತು, ಬೆಂಜೊಡಯಾಜೆಪೀನ್ ಡ್ರಿಪ್ ಪಡೆದವರಲ್ಲಿ ಹೆಚ್ಚು. ಆದರೂ ನಮ್ಮಲ್ಲಿ ಜೊತೆಗಿರುವವರನ್ನು ಔಷಧಿ ಚೀಟಿ ಹಿಡಿದು ಓಡಲು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸಲು ಬಳಸುತ್ತೇವೆ, ಐಸಿಯು ಬಾಗಿಲಲ್ಲಿ ತಡೆಯುತ್ತೇವೆ. ನರ್ಸಿಂಗ್ ಶಾಲೆಯ ಪಾಠದಲ್ಲಿ ಅವರಿಗೆ ಹೇಳಿಕೊಡುವ ಹತ್ತು ನಿಮಿಷವೂ ಸೇರಬೇಕು: ಕನ್ನಡಕ ಹಾಕಿಸಿ, ಊರಿನ ಸುದ್ದಿ ಹೇಳಿ, ಹಗಲು ಕೂರಿಸಿ, ಸ್ವಲ್ಪ ಸ್ವಲ್ಪವೇ ನೀರು ಕುಡಿಸಿ, ನಡವಳಿಕೆ ಬದಲಾದ ಕೂಡಲೇ ಕರೆಯಿರಿ. ಸಿಬ್ಬಂದಿಯ ಕೆಲಸವನ್ನು ಮನೆಯವರ ತಲೆಗೆ ಕಟ್ಟುವುದಕ್ಕೆ ಇದು ನೆಪವಾಗಬಾರದು ಎಂಬ ಎಚ್ಚರವೂ ಬೇಕು. ಕೂಲಿ ಬಿಟ್ಟು ಬಂದು ಕುಳಿತವರಿಗೆ ಪ್ರತಿ ದಿನವೂ ನಷ್ಟವೇ.

ಯಾರಿಗೆ ಕಲಿಸಬೇಕು ಎಂಬ ಪಟ್ಟಿಯಲ್ಲಿ ಆಯಾಗಳು, ಫಿಸಿಯೊಥೆರಪಿಸ್ಟರು ಸಾಮಾನ್ಯವಾಗಿ ಇರುವುದಿಲ್ಲ. ರೋಗಿ ಹಾಸಿಗೆ ಒದ್ದೆ ಮಾಡಿಕೊಂಡದ್ದನ್ನು, ತುತ್ತು ಬಾಯಲ್ಲೇ ಇಟ್ಟುಕೊಂಡು ಕುಳಿತದ್ದನ್ನು ಮೊದಲು ಕಾಣುವವರು ಅವರು. ಅವರು ಹೇಳಿದ್ದನ್ನು ಸಿಸ್ಟರ್, ಸಿಸ್ಟರ್ ಹೇಳಿದ್ದನ್ನು ಡ್ಯೂಟಿ ಡಾಕ್ಟರ್ ಕಿವಿಗೊಟ್ಟು ಕೇಳುವ ಅಭ್ಯಾಸವಾಗಬೇಕಾದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಬೇಕಾಗುತ್ತದೆ.

ಇನ್ನೊಂದು ಪಾಠ ಹೆಚ್ಚುಕಡಿಮೆ ಎಲ್ಲ ಕಡೆಯೂ ಬಿಟ್ಟುಹೋಗಿದೆ. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ವಿಲಿಯಂ ಬ್ರೈಟ್‌ಬಾರ್ಟ್ ಮತ್ತು ಸಂಗಡಿಗರು, ಡೆಲಿರಿಯಂನಿಂದ ಚೇತರಿಸಿಕೊಂಡ 101 ಮಂದಿಯನ್ನು ಕೇಳಿ 2002ರಲ್ಲಿ ಬರೆದರು. 54 ಮಂದಿಗೆ ಆ ಅನುಭವ ನೆನಪಿತ್ತು, ಅದು ಅವರನ್ನು ತೀವ್ರವಾಗಿ ಕಾಡುತ್ತಿತ್ತು. ಕೂಗಾಡಿದವರಷ್ಟೇ ಸುಮ್ಮನೆ ಮಲಗಿದ್ದವರೂ ನರಳಿದ್ದರು. ಇಂಥವರಿಗೆ ‘ನಿಮಗೆ ಆದದ್ದು ಹುಚ್ಚಲ್ಲ, ಕಾಯಿಲೆಯಿಂದ ಮಿದುಳು ಕದಡಿದ್ದು’ ಎಂದು ಕೂತು ಹೇಳುವವರು ಬೇಕು. ಮುಂದಿನ ಸಲ ದಾಖಲಾದಾಗ ವೈದ್ಯರಿಗೆ ತಿಳಿಯುವಂತೆ ಡಿಸ್ಚಾರ್ಜ್ ಕಾಗದದಲ್ಲೂ ಅದು ಕಾಣಬೇಕು: ಯಾವ ದಿನ ಶುರುವಾಯಿತು, ಯಾವ ಕಾರಣ ಸಿಕ್ಕಿತು, ಯಾವ ಔಷಧ ನಿಲ್ಲಿಸಿದೆವು, ಮನೆಗೆ ಹೋಗುವಾಗ ಎಷ್ಟು ತಿಳಿಯಾಗಿದ್ದರು. ಈಗ ಅಲ್ಲಿ ಮೂಳೆ ಮುರಿತ, ಆಪರೇಷನ್, ಹೊಲಿಗೆ ಬಿಚ್ಚುವ ದಿನಾಂಕ ಇರುತ್ತವೆ, ಈ ನಾಲ್ಕು ಸಾಲುಗಳಿಗೆ ಜಾಗ ಬಿಟ್ಟಿರುವುದಿಲ್ಲ.